ವಿದೇಶಗಳಲ್ಲಿ ವೈದ್ಯಕೀಯ ಹಾಗೂ ಮಾನವೀಯ ನೆರವು: ಹವ್ಯಾಸಿ ರೇಡಿಯೋ ಸ್ವಯಂಸೇವಕರ ಪಾತ್ರ

ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಭೂಕಂಪ, ಸುನಾಮಿ, ಚಂಡಮಾರುತ ಮುಂತಾದ ವಿಪತ್ತುಗಳು ಸಂಭವಿಸಿದಾಗ ವಿದ್ಯುತ್ ಮತ್ತು ದೂರವಾಣಿ ಸಂಪರ್ಕಗಳು ಏಕಕಾಲದಲ್ಲಿ ಕಡಿದುಹೋಗುವುದುಂಟು. ಅಂತಹ ಸಂದರ್ಭಗಳಲ್ಲಿ ಹ್ಯಾಮ್ ರೇಡಿಯೋ ಎಂದು ಪರಿಚಿತವಾಗಿರುವ ಹವ್ಯಾಸಿ ರೇಡಿಯೋ ಸೇವೆಯು ಪರಿಹಾರ ಕಾರ್ಯಕ್ಕೆ ನೆರವಾಗುತ್ತದೆ. ವಾಹನದ 12 ವೋಲ್ಟ್ ಬ್ಯಾಟರಿ, ಒಂದು ಚಿಕ್ಕ ಪ್ರಸಾರ ಯಂತ್ರ ಮತ್ತು ಮರಕ್ಕೆ ಕಟ್ಟಿದ ತಂತಿಯ ಆಂಟೆನಾ ಇದ್ದರೆ ಕೇಂದ್ರವು ಕಾರ್ಯಾರಂಭ ಮಾಡಬಲ್ಲದು. ಹ್ರಸ್ವ ತರಂಗಗಳು ಅಯಾನುಗೋಳದಿಂದ ಹಿಂತಿರುಗಿ ಸಾವಿರಾರು ಕಿಲೋಮೀಟರ್ ಕ್ರಮಿಸುವುದರಿಂದ ನಡುವೆ ಗೋಪುರಗಳ ಅಗತ್ಯವಿರುವುದಿಲ್ಲ. ಈ ಸೇವೆಗೆ ಯಾವುದೇ ಪ್ರತಿಫಲವನ್ನು ಪಡೆಯುವಂತಿಲ್ಲ.

2. ಅಂತರರಾಷ್ಟ್ರೀಯ ನಿಯಮಗಳು

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೋ ನಿಯಮಾವಳಿಯ 25ನೇ ವಿಧಿಯು ಹವ್ಯಾಸಿ ಸೇವೆಗೆ ಸಂಬಂಧಿಸಿದೆ. 2003ರ ವಿಶ್ವ ರೇಡಿಯೋ ಸಮ್ಮೇಳನದಲ್ಲಿ ಪರಿಷ್ಕೃತವಾದ ಈ ವಿಧಿಯು, ತುರ್ತು ಪರಿಸ್ಥಿತಿ ಹಾಗೂ ವಿಪತ್ತು ಪರಿಹಾರದ ಸಂದರ್ಭದಲ್ಲಿ ಮೂರನೆಯವರ ಸಂದೇಶಗಳನ್ನು ದೇಶದಿಂದ ದೇಶಕ್ಕೆ ರವಾನಿಸಲು ಅವಕಾಶ ಕಲ್ಪಿಸಿದೆ. 1998ರಲ್ಲಿ ಫಿನ್ಲೆಂಡಿನ ಟ್ಯಾಂಪೆರೆಯಲ್ಲಿ ಅಂಗೀಕೃತವಾಗಿ 2005ರ ಜನವರಿ 8ರಂದು ಜಾರಿಗೆ ಬಂದ ಒಡಂಬಡಿಕೆಯು, ಪರಿಹಾರ ಕಾರ್ಯದ ಸಂಪರ್ಕ ಉಪಕರಣಗಳನ್ನು ಗಡಿ ದಾಟಿಸುವಲ್ಲಿನ ಅಡೆತಡೆಗಳನ್ನು ತಗ್ಗಿಸುವ ಉದ್ದೇಶ ಹೊಂದಿದೆ. ಆದರೆ ನೆರವು ಪಡೆಯುವ ದೇಶದ ಒಪ್ಪಿಗೆಯಿಲ್ಲದೆ ಇದು ಅನ್ವಯವಾಗುವುದಿಲ್ಲ.

3. ಹೈಟಿ ಭೂಕಂಪ, 2010

2010ರ ಜನವರಿ 12ರಂದು ಕೆರಿಬಿಯನ್ ರಾಷ್ಟ್ರವಾದ ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪ ಸಂಭವಿಸಿತು. ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ನ ವಿಮಾನ ನಿಲ್ದಾಣದ ಬಳಿ ಅಮೆರಿಕದ ಮಿಯಾಮಿ ವಿಶ್ವವಿದ್ಯಾಲಯದ ವೈದ್ಯರು ಪ್ರಾಜೆಕ್ಟ್ ಮೆಡಿಶೇರ್ ಸಂಸ್ಥೆಯೊಂದಿಗೆ ಡೇರೆಗಳಲ್ಲಿ ಆಸ್ಪತ್ರೆ ತೆರೆದರು. ದಕ್ಷಿಣ ಫ್ಲಾರಿಡಾದ ಹವ್ಯಾಸಿ ರೇಡಿಯೋ ಸ್ವಯಂಸೇವಕರು ಅಲ್ಲಿ ಕೇಂದ್ರ ಸ್ಥಾಪಿಸಿದರು. ಡೇರೆಯಲ್ಲಿ ಸಾಧ್ಯವಿಲ್ಲದ ಚಿಕಿತ್ಸೆ ಬೇಕಾದ ಗಾಯಾಳುಗಳನ್ನು ಸಮುದ್ರದಲ್ಲಿದ್ದ ಕಂಫರ್ಟ್ ಎಂಬ ಆಸ್ಪತ್ರೆ ಹಡಗಿಗೆ ಸಾಗಿಸುವ ಏರ್ಪಾಡಿಗೆ ಈ ಸಂಪರ್ಕವು ನೆರವಾಯಿತು.

ಇದೇ ವಿಪತ್ತಿನಲ್ಲಿ ನೆರೆಯ ಡೊಮಿನಿಕನ್ ಗಣರಾಜ್ಯದ ಹವ್ಯಾಸಿಗಳ ತಂಡವೂ ಪೋರ್ಟ್-ಓ-ಪ್ರಿನ್ಸ್‌ಗೆ ತೆರಳಿ ತುರ್ತು ಕೇಂದ್ರ ಆರಂಭಿಸಿತು. ಆ ತಂಡವು ಗುಂಡಿನ ದಾಳಿಗೆ ಗುರಿಯಾಗಿ ಗಡಿಯತ್ತ ಹಿಂದಿರುಗಬೇಕಾಯಿತು. ಸದುದ್ದೇಶವೊಂದೇ ರಕ್ಷಣೆಯಾಗದು ಎಂಬುದನ್ನು ಸ್ವಯಂಸೇವಕರು ಗಮನದಲ್ಲಿರಿಸಿಕೊಳ್ಳತಕ್ಕದ್ದು.

4. ಹಿಂದೂ ಮಹಾಸಾಗರದ ಸುನಾಮಿ, 2004

2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ, ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ತಂಡವೊಂದು ಶ್ರೀಮತಿ ಭಾರತಿ ಪ್ರಸಾದ್ ಅವರ ನೇತೃತ್ವದಲ್ಲಿ ಪೋರ್ಟ್ ಬ್ಲೇರ್‌ನಲ್ಲಿತ್ತು. ದೂರದ ಹವ್ಯಾಸಿಗಳೊಂದಿಗೆ ಸಂಪರ್ಕ ಸಾಧಿಸುವ ಕಾರ್ಯಕ್ರಮಕ್ಕೆ ಅದು ಮೊದಲೇ ಅನುಮತಿ ಪಡೆದಿತ್ತು. ಆ ಕೇಂದ್ರವೇ ಅಂಡಮಾನ್ ಮತ್ತು ಮುಖ್ಯಭೂಮಿಯ ನಡುವೆ ಕ್ಷೇಮ ಸಮಾಚಾರ ಹಾಗೂ ಪರಿಹಾರ ಸಂದೇಶಗಳನ್ನು ರವಾನಿಸಿತು. ಶ್ರೀಲಂಕಾದ ಹವ್ಯಾಸಿಗಳು ಹಾನಿಗೊಳಗಾದ ಹಂಬಂತೋಟದಿಂದ ಕೊಲಂಬೊಗೆ ಸಂಪರ್ಕ ಕಲ್ಪಿಸಿದರು. ವಿಪತ್ತಿಗೆ ಮೊದಲೇ ಅನುಮತಿ, ಉಪಕರಣ ಮತ್ತು ಅಭ್ಯಾಸ ಇದ್ದವರೇ ಮೊದಲ ದಿನದಿಂದ ನೆರವಾಗಬಲ್ಲರು.

5. ಸಂದೇಶ ರವಾನೆಯ ಕ್ರಮ

ಅ) ಜೀವರಕ್ಷಣೆಗೆ ಸಂಬಂಧಿಸಿದ ಸಂದೇಶಗಳಿಗೆ ಮೊದಲ ಆದ್ಯತೆ. ಕ್ಷೇಮ ಸಮಾಚಾರ ಅನಂತರ.

ಆ) ಔಷಧಿಯ ಹೆಸರು, ಪ್ರಮಾಣ ಮತ್ತು ರಕ್ತದ ಗುಂಪನ್ನು ಬರೆದುಕೊಂಡು, ಅಕ್ಷರ ಬಿಡಿಸಿ ಓದಿ, ಮರು ಓದಿಸಿ ದೃಢಪಡಿಸಿಕೊಳ್ಳತಕ್ಕದ್ದು.

ಇ) ಹವ್ಯಾಸಿ ಪ್ರಸಾರದಲ್ಲಿ ಅರ್ಥ ಮರೆಮಾಚುವ ಗೂಢಲಿಪಿಗೆ ಅವಕಾಶವಿಲ್ಲ, ಯಾರು ಬೇಕಾದರೂ ಆಲಿಸಬಹುದು. ಆದ್ದರಿಂದ ರೋಗಿಯ ಹೆಸರನ್ನು ಸಾಧ್ಯವಾದಷ್ಟು ಹೇಳಬಾರದು.

ಈ) 14.300 ಮೆಗಾಹರ್ಟ್ಸ್ ವಿಶ್ವವ್ಯಾಪಿ ತುರ್ತು ಸಂಪರ್ಕದ ಚಟುವಟಿಕೆಗೆ ಗುರುತಿಸಲಾದ ಆವರ್ತನಗಳಲ್ಲೊಂದು. ಭಾರತವು ಸೇರಿರುವ 3ನೇ ವಲಯಕ್ಕೆ 3.600 ಹಾಗೂ 7.110 ಮೆಗಾಹರ್ಟ್ಸ್‌ಗಳನ್ನು ಗುರುತಿಸಲಾಗಿದೆ. ತುರ್ತು ಸಂವಹನ ನಡೆಯುತ್ತಿರುವಾಗ ಇತರರು ಅಲ್ಲಿ ಪ್ರಸಾರ ಮಾಡದೆ ಕೇವಲ ಆಲಿಸತಕ್ಕದ್ದು.

6. ವಿದೇಶದಲ್ಲಿ ಸೇವೆ ಸಲ್ಲಿಸಬಯಸುವವರ ಗಮನಕ್ಕೆ

ಅ) ಹವ್ಯಾಸಿ ರೇಡಿಯೋ ಪರವಾನಗಿಯನ್ನು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯು ನೀಡುತ್ತದೆ. ಇದಕ್ಕೆ ನಿಗದಿತ ಪರೀಕ್ಷೆಯಲ್ಲಿ ಉತ್ತೀರ್ಣರಾಗಿರಬೇಕು. ರಾಜ್ಯ ಸರ್ಕಾರದ ಕಚೇರಿಗಳಲ್ಲಿ ಈ ಪರವಾನಗಿ ದೊರೆಯುವುದಿಲ್ಲ.

ಆ) ಭಾರತದ ಪರವಾನಗಿಯಿಂದಷ್ಟೇ ವಿದೇಶದಲ್ಲಿ ಪ್ರಸಾರ ಮಾಡುವ ಹಕ್ಕು ಲಭಿಸುವುದಿಲ್ಲ. ಆಯಾ ದೇಶದ ಆಡಳಿತದ ಅನುಮತಿ ಅಗತ್ಯ. ಅನುಮತಿಯಿಲ್ಲದ ಉಪಕರಣವನ್ನು ಸುಂಕ ಅಧಿಕಾರಿಗಳು ತಡೆಹಿಡಿಯಬಹುದು.

ಇ) ಮಾನ್ಯತೆ ಪಡೆದ ಪರಿಹಾರ ಅಥವಾ ವೈದ್ಯಕೀಯ ಸಂಸ್ಥೆಯ ಆಹ್ವಾನದ ಮೇರೆಗೆ ಮಾತ್ರ ತೆರಳುವುದು ಉಚಿತ. ಆಹಾರ, ಶುದ್ಧ ನೀರು, ಔಷಧಿ ಹಾಗೂ ವಿದ್ಯುತ್ ವ್ಯವಸ್ಥೆಯನ್ನು ತಮ್ಮೊಂದಿಗೆ ಒಯ್ಯದ ಸ್ವಯಂಸೇವಕರು ಸಂತ್ರಸ್ತರ ಪಾಲಿಗೇ ಹೊರೆಯಾಗುತ್ತಾರೆ.

7. ವಿದೇಶದಲ್ಲಿರುವ ಬಂಧುಗಳ ಕ್ಷೇಮ ಸಮಾಚಾರ

ವಿಪತ್ತು ಪೀಡಿತ ದೇಶದಲ್ಲಿ ಬಂಧುಗಳಿರುವವರು ಮೊದಲು ವಿದೇಶಾಂಗ ಸಚಿವಾಲಯ ಅಥವಾ ಅಲ್ಲಿನ ಭಾರತೀಯ ರಾಯಭಾರ ಕಚೇರಿಯನ್ನು ಸಂಪರ್ಕಿಸತಕ್ಕದ್ದು. ಹವ್ಯಾಸಿಗಳ ಮೂಲಕ ವಿಚಾರಿಸುವಾಗ ಬಂಧುವಿನ ಪೂರ್ಣ ಹೆಸರು, ಕೊನೆಯದಾಗಿ ಇದ್ದ ಸ್ಥಳ ಹಾಗೂ ವಿಚಾರಿಸುವವರ ಸಂಪರ್ಕ ವಿವರವನ್ನು ಸಂಕ್ಷಿಪ್ತವಾಗಿ ಬರೆದುಕೊಡಬೇಕು. ಉತ್ತರ ಬರುವುದು ತಡವಾದರೆ ಅದನ್ನು ಅಶುಭವೆಂದು ಭಾವಿಸಬಾರದು. ಗಾಯಾಳುಗಳ ಸಂದೇಶಗಳು ಮುಗಿದ ನಂತರವೇ ಇಂತಹ ಸಂದೇಶಗಳಿಗೆ ಸರದಿ ಬರುತ್ತದೆ. ಒಂದೇ ವಿಚಾರಣೆಯನ್ನು ಹಲವರ ಮೂಲಕ ಕಳುಹಿಸದೆ ಸಹಕರಿಸಬೇಕೆಂದು ಕೋರಲಾಗಿದೆ.