ಮಸೂರದೋಷವೂ ಚಿತ್ರಗುಣವೂ

ಛಾಯಾಗ್ರಹಣದ ಇತಿಹಾಸವೆಂದರೆ ಮಸೂರಗಳ ದೋಷನಿವಾರಣೆಯ ಇತಿಹಾಸವೆಂದು ಹೇಳುವುದು ವಾಡಿಕೆ. ಆದರೆ ನೀಗಬಹುದಾದ ದೋಷವನ್ನು ಬುದ್ಧಿಪೂರ್ವಕವಾಗಿ ಉಳಿಸಿಕೊಂಡವರ ಪರಂಪರೆಯೊಂದು ಅದರೊಡನೆಯೇ ನಡೆದುಬಂದಿದೆ. ಅದು ಯಂತ್ರದ ಕೊರತೆಯಿಂದ ಹುಟ್ಟಿತೋ ಕಲಾವಿದರ ಇಚ್ಛೆಯಿಂದಲೋ ಎಂಬುದೇ ಇಲ್ಲಿಯ ವಿಚಾರ.

1840ರಲ್ಲಿ ವಿಯೆನ್ನಾ ನಗರದಲ್ಲಿ ಗಣಿತಜ್ಞ ಜೋಸೆಫ್ ಪೆಟ್ಸ್ವಾಲನು ಲೆಕ್ಕದಿಂದ ರೂಪಿಸಿದ ಮಸೂರವು ಹಿಂದಿನವುಗಳಿಗಿಂತ ಬಹಳ ಹೆಚ್ಚಿನ ಬೆಳಕನ್ನು ಒಳಗೊಳ್ಳುತ್ತಿದ್ದಿತು. ಚಿತ್ರಕ್ಕಾಗಿ ಕದಲದೆ ಕುಳಿತಿರಬೇಕಾದ ಕಾಲವು ಇದರಿಂದ ತಗ್ಗಿತು. ಆದರೆ ಅದರ ಬಿಂಬತಲವು ಬಾಗಿದುದು. ನಡುವಣ ಮುಖವು ಸ್ಫುಟವಾಗಿ ಮೂಡಿದರೂ ಅಂಚುಗಳು ಮಸುಕಾಗುತ್ತಿದ್ದುವು.

1815ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದ ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ ಎಂಬಾಕೆಗೆ 1863ರಲ್ಲಿ, 48ನೆಯ ವಯಸ್ಸಿನಲ್ಲಿ, ಮಗಳೂ ಅಳಿಯನೂ ಕ್ಯಾಮರಾವೊಂದನ್ನು ಉಡುಗೊರೆಯಾಗಿತ್ತರು. ಆಕೆಯ ಮೊದಲ ಮಸೂರವು ಪೆಟ್ಸ್ವಾಲ್ ಜಾತಿಯದು. ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ಆಕೆ ತೆಗೆದ ಮಸುಕಾದ ಮುಖಚಿತ್ರಗಳನ್ನು ಅಂದಿನ ಛಾಯಾಗ್ರಹಣಪತ್ರಿಕೆಗಳು ಅಕೌಶಲವೆಂದು ಹಳಿದುವು. ಆ ಮಸುಕೆಲ್ಲವೂ ಮಸೂರದ್ದೇ ಆಗಿದ್ದ ಪಕ್ಷದಲ್ಲಿ, 1866ರ ಸುಮಾರಿಗೆ ಡಾಲ್ಮೇಯರನ ಸುಧಾರಿತ ಮಸೂರವು ಕೈಸೇರಿದಾಗ ಅದು ಮಾಯವಾಗಬೇಕಾಗಿದ್ದಿತು. ಹಾಗಾಗಲಿಲ್ಲ, 1867ರಲ್ಲಿ ತೆಗೆದ ಖಗೋಲಜ್ಞ ಹರ್ಷೆಲನ ಚಿತ್ರದಲ್ಲಿಯೂ ಆ ಮೃದುತ್ವವು ಉಳಿದೇ ಇದೆ. 1874ರ ಅಪೂರ್ಣ ಆತ್ಮಕಥನದಲ್ಲಿ ಆಕೆಯು, ಮೊದಲ ಸಿದ್ಧಿಯು ಆಕಸ್ಮಿಕವೆಂದು ಒಪ್ಪಿ, ಬಿಂಬವು ಕಣ್ಣಿಗೆ ಸುಂದರವಾಗಿ ತೋರಿದೊಡನೆ ಮಸೂರವನ್ನು ಅಲ್ಲಿಯೇ ನಿಲ್ಲಿಸುತ್ತಿದ್ದುದನ್ನು ತಿಳಿಸಿರುವಳು. ಆದಕಾರಣ ದೋಷವು ಮೊದಲು ಯಂತ್ರದ್ದು, ಬಳಿಕ ಕಲಾವಿದೆಯದು ಎಂದು ನಿರ್ಣಯಿಸಬೇಕಾಗುತ್ತದೆ.

ಗಾಜಿನ ಫಲಕದ ಸ್ಥಾನಕ್ಕೆ ಫಿಲ್ಮು ಬಂದ ಮೇಲೆಯೂ ಈ ಅಭಿರುಚಿಯು ಅಳಿಯಲಿಲ್ಲ. 1935ರಲ್ಲಿ ಜರ್ಮನಿಯ ಲೈಟ್ಸ್ ಸಂಸ್ಥೆಯು ಗೋಲೀಯದೋಷವನ್ನು ಬೇಕೆಂದೇ ಉಳಿಸಿ ಥಾಂಬಾರ್ ಎಂಬ ಮಸೂರವನ್ನು ಹೊರತಂದಿತು. ಅದರ ಮುಂದೆ, ನಡುವೆ ಮರೆಯುಳ್ಳ ಗಾಜನ್ನಿಟ್ಟರೆ ಮಧ್ಯದ ಕಿರಣಗಳು ತಡೆಯಲ್ಪಟ್ಟು ಅಂಚಿನ ಕಿರಣಗಳೇ ಮೃದುವಾದ ಚಿತ್ರವನ್ನು ರಚಿಸುವುವು. 2017ರಲ್ಲಿ ಈ ಮಸೂರವೇ ಪುನಃ ತಯಾರಾಗಿ ಮಾರಾಟಕ್ಕೆ ಬಂದಿತು.

ನಮ್ಮ ಆಲಂಕಾರಿಕರಿಗೆ ಈ ತತ್ತ್ವವು ಹೊಸದಲ್ಲ. 9ನೆಯ ಶತಮಾನದ ಆನಂದವರ್ಧನನು ಶ್ರುತಿದುಷ್ಟಾದಿಗಳನ್ನು ಅನಿತ್ಯದೋಷಗಳೆಂದಿದ್ದಾನೆ: ಶೃಂಗಾರದಲ್ಲಿ ಹೇಯವಾದ ಕರ್ಕಶಧ್ವನಿಯು ರೌದ್ರದಲ್ಲಿ ಹೇಯವಲ್ಲ. ರಸಕ್ಕೆ ವಿರೋಧವಾದಲ್ಲಿ ಮಾತ್ರ ಅದು ದೋಷ. ಮಸೂರದ ಮಸುಕಿಗೂ ಇದೇ ನ್ಯಾಯ. ಶಾಸನದ ಅಕ್ಷರವನ್ನೋ ಓಲೆಗರಿಯ ಪಾಠವನ್ನೋ ಚಿತ್ರಿಸುವಾಗ ಅದು ಕೇವಲ ದೋಷವೇ. ಅಲ್ಲಿ ಒಂದು ಒತ್ತಕ್ಷರವು ಅಳಿದರೂ ಅರ್ಥಹಾನಿಯಾಗುತ್ತದೆ. ಮನುಷ್ಯನ ಮುಖಭಾವವನ್ನು ಚಿತ್ರಿಸುವಲ್ಲಿ ಅದೇ ಗುಣವಾಗಬಹುದು. ಆದುದರಿಂದ ಹಳೆಯ ಮಸೂರವನ್ನು ಕೊಂಡಮಾತ್ರಕ್ಕೆ ಕಲೆಯು ಸಿದ್ಧಿಸದು. ಎಲ್ಲಿ ನಿಲ್ಲಿಸಬೇಕೆಂಬ ವಿವೇಕವು ಮಸೂರದಲ್ಲಿಲ್ಲ.