ಇಂಗ್ಲಿಷ್ ನುಡಿಗಟ್ಟುಗಳ ಅಪಪ್ರಯೋಗ: ಇತಿಹಾಸದ ದೃಷ್ಟಿಯಿಂದ ಒಂದು ವಿಚಾರ

ಇಂಗ್ಲಿಷ್ ಭಾಷೆಯನ್ನು ಎಚ್ಚರದಿಂದ ಬರೆಯುವವರಿಗೆ ಬೇಸರವನ್ನುಂಟುಮಾಡುವ ಕೆಲವು ಪ್ರಯೋಗಗಳುಂಟು. ಅವುಗಳಲ್ಲಿ ಮಾತು ಹಳೆಯದೇ. ಅದಕ್ಕೆ ಕೊಡುವ ಅರ್ಥ ಮಾತ್ರ ಬೇರೆ. ಇಂಥ ವಿಷಯವು ವ್ಯಾಕರಣಕಾರರಿಗೂ ನಿಘಂಟುಕಾರರಿಗೂ ಸೇರಿದುದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಇತಿಹಾಸದ ಅಭ್ಯಾಸಿಗೂ ಇದರಲ್ಲಿ ಪಾಲುಂಟು. ನುಡಿಗಟ್ಟೆಂಬುದು ಅನೇಕ ವೇಳೆ ಒಂದು ಶಿಕ್ಷಾಪದ್ಧತಿಯ, ಒಂದು ನ್ಯಾಯವಾದದ, ಒಂದು ಊರಿನ ವ್ಯವಹಾರದ ಅವಶೇಷವಾಗಿರುತ್ತದೆ. ಅಂಥ ನಾಲ್ಕು ಪ್ರಯೋಗಗಳನ್ನು ಪರಿಶೀಲಿಸಿ, ಅವುಗಳ ವಿಷಯದಲ್ಲಿ ಇತಿಹಾಸಕಾರನ ನಿಲುವು ಏನಾಗಿರಬೇಕೆಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಮೊದಲನೆಯದು ‘ಡೆಸಿಮೇಟ್’ ಎಂಬ ಕ್ರಿಯಾಪದ. ಇಂದು ಇದನ್ನು ‘ಬಹುಭಾಗವನ್ನು ನಾಶಮಾಡು’ ಎಂಬ ಅರ್ಥದಲ್ಲಿ ಬಳಸುತ್ತಾರೆ. ಮೂಲದಲ್ಲಿ ಇದು ರೋಮನ್ ಸೇನೆಯ ಒಂದು ಶಿಕ್ಷೆಯ ಹೆಸರು. ತನ್ನ ಸ್ಥಾನವನ್ನು ಬಿಟ್ಟು ಓಡಿದ ದಳದಲ್ಲಿ ಚೀಟಿಯೆತ್ತಿ ಹತ್ತಕ್ಕೊಬ್ಬನನ್ನು ಆರಿಸಿ ಬಡಿದು ಕೊಲ್ಲುತ್ತಿದ್ದರು. ಉಳಿದವರಿಗೆ ಗೋಧಿಗೆ ಬದಲಾಗಿ ಜವೆಯನ್ನು ಕೊಟ್ಟು, ಶಿಬಿರದ ಕೋಟೆಯ ಹೊರಗೆ ಬೀಡುಬಿಡಿಸುತ್ತಿದ್ದರು. ಪೊಲಿಬಿಯಸನು ಇದನ್ನು ವಿವರಿಸಿದ್ದಾನೆ. ಸ್ಪಾರ್ಟಕಸನ ದಂಗೆಯ ಕಾಲದಲ್ಲಿ ಕ್ರಾಸಸನು ಬಹುಕಾಲದಿಂದ ಬಿಟ್ಟುಹೋಗಿದ್ದ ಈ ಶಿಕ್ಷೆಯನ್ನು ಮತ್ತೆ ಆಚರಣೆಗೆ ತಂದನೆಂದೂ, ಮೊದಲು ಓಡಿದ ೫೦೦ ಮಂದಿಯನ್ನು ೫೦ ಗುಂಪುಗಳಾಗಿ ವಿಂಗಡಿಸಿ ಒಂದೊಂದರಿಂದ ಒಬ್ಬೊಬ್ಬನನ್ನು ಕೊಲ್ಲಿಸಿದನೆಂದೂ ಪ್ಲೂಟಾರ್ಕನು ಬರೆದಿದ್ದಾನೆ. ಇಲ್ಲಿ ಹತ್ತು ಎಂಬ ಸಂಖ್ಯೆಯೇ ಮುಖ್ಯ. ದಳವು ಉಳಿಯಬೇಕು, ಭಯವೂ ಉಳಿಯಬೇಕು ಎಂಬ ಲೆಕ್ಕಾಚಾರ ಅದರಲ್ಲಿದೆ. ‘ಸರ್ವನಾಶ’ ಎಂದೊಡನೆ ಈ ಲೆಕ್ಕಾಚಾರವು ಕಾಣದಾಗುತ್ತದೆ.

ಇದೇ ಪದಕ್ಕೆ ಇಂಗ್ಲೆಂಡಿನಲ್ಲಿ ಇನ್ನೊಂದು ಚರಿತ್ರೆಯುಂಟು. ೧೬೫೫ರ ಮಾರ್ಚಿಯಲ್ಲಿ ಪೆನ್‌ರಡಕ್‌ನ ನೇತೃತ್ವದಲ್ಲಿ ರಾಜಪಕ್ಷದವರು ಎದ್ದು ವಿಫಲರಾದ ಮೇಲೆ, ಕ್ರಾಮ್‌ವೆಲ್ಲನ ಸರ್ಕಾರವು ದೇಶವನ್ನು ಮೇಜರ್ ಜನರಲ್‌ಗಳ ಆಡಳಿತಕ್ಕೆ ಹಂಚಿತು. ಅವರ ಸೇನೆಯ ವೆಚ್ಚಕ್ಕಾಗಿ, ವರ್ಷಕ್ಕೆ ೧೦೦ ಪೌಂಡು ಹುಟ್ಟುವಳಿಯ ಭೂಮಿಯನ್ನಾಗಲಿ ೧,೫೦೦ ಪೌಂಡು ಬೆಲೆಯ ಚರಸ್ವತ್ತನ್ನಾಗಲಿ ಹೊಂದಿದ್ದ ರಾಜಪಕ್ಷದವರ ಮೇಲೆ ತೆರಿಗೆಯನ್ನು ವಿಧಿಸಲಾಯಿತು. ಭೂಮಿಯ ಹುಟ್ಟುವಳಿಯಲ್ಲಿ ಹತ್ತನೆಯ ಒಂದು ಪಾಲನ್ನು ತೆಗೆಯುತ್ತಿದ್ದುದರಿಂದ ಇದಕ್ಕೆ ‘ಡೆಸಿಮೇಷನ್’ ಎಂದೇ ಹೆಸರು. ೧೬೫೭ರ ಆರಂಭದಲ್ಲಿ ಪಾರ್ಲಿಮೆಂಟು ಇದನ್ನು ಮುಂದುವರಿಸಲು ಒಪ್ಪಲಿಲ್ಲ. ಆ ಕಾಲದ ಪತ್ರವೊಂದರಲ್ಲಿ ಇಂಥ ಗೃಹಸ್ಥನು ‘ಡೆಸಿಮೇಟ್’ ಆದನೆಂದು ಓದಿದ ವಿದ್ಯಾರ್ಥಿಯು ಇಂದಿನ ಅರ್ಥವನ್ನೇ ನೆಚ್ಚಿದರೆ, ತೆರಿಗೆಯನ್ನು ಕೊಟ್ಟು ಮನೆಯಲ್ಲಿ ಕುಳಿತವನನ್ನು ಹತನಾದವನೆಂದು ಬರೆದಾನು. ಪದದ ಅರ್ಥವನ್ನು ಕಾಲದೊಡನೆ ಹೊಂದಿಸಿ ನೋಡದಿದ್ದರೆ ಘಟನೆಯೇ ಬೇರೆಯಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಎರಡನೆಯದು ‘ಎಕ್ಸೆಪ್ಷನ್ ಪ್ರೂವ್ಸ್ ದಿ ರೂಲ್’, ಎಂದರೆ ಅಪವಾದವು ನಿಯಮವನ್ನು ಸಾಧಿಸುತ್ತದೆ ಎಂಬ ಮಾತು. ತಮ್ಮ ಸಿದ್ಧಾಂತಕ್ಕೆ ವಿರುದ್ಧವಾದ ಉದಾಹರಣೆಯೊಂದು ಎದುರಾದಾಗ, ಅದರಿಂದಲೇ ಸಿದ್ಧಾಂತವು ಬಲಪಟ್ಟಿತೆಂದು ಹೇಳಲು ಅನೇಕರು ಇದನ್ನು ಬಳಸುತ್ತಾರೆ. ಇದು ತರ್ಕಕ್ಕೆ ಒಪ್ಪದ ಮಾತು. ಇದರ ಬೇರನ್ನು ಕ್ರಿ. ಪೂ. ೫೬ರಲ್ಲಿ ಸಿಸಿರೊ ಬಾಲ್ಬಸನ ಪರವಾಗಿ ಮಾಡಿದ ವಾದದಲ್ಲಿ ಕಾಣಬಹುದು. ಗೇಡಿಸ್ ನಗರದ ಬಾಲ್ಬಸನಿಗೆ ಪಾಂಪೆಯು ಕೊಟ್ಟಿದ್ದ ರೋಮನ್ ಪೌರತ್ವವು ಅಸಿಂಧುವೆಂಬುದು ಆಪಾದನೆ. ಕೆಲವು ಜನಾಂಗಗಳೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ ಅವರಿಗೆ ಪೌರತ್ವ ಕೊಡತಕ್ಕದ್ದಲ್ಲವೆಂದು ವಿಶೇಷವಾಗಿ ಬರೆದಿದೆ. ಅಂಥ ಅಪವಾದವನ್ನು ಹೇಳದಿರುವ ಕಡೆಯಲ್ಲಿ ಪೌರತ್ವ ಕೊಡಬಹುದೆಂದೇ ಅರ್ಥ ಎಂದು ಸಿಸಿರೊ ವಾದಿಸಿದನು. ಬಾಲ್ಬಸನು ಬಿಡುಗಡೆ ಹೊಂದಿದನು. ಭಾನುವಾರ ಗ್ರಂಥಾಲಯಕ್ಕೆ ರಜೆಯೆಂಬ ಪ್ರಕಟಣೆಯಿಂದ ಉಳಿದ ದಿನಗಳಲ್ಲಿ ಅದು ತೆರೆದಿರುವುದೆಂದು ನಾವು ತಿಳಿಯುವುದಿಲ್ಲವೆ? ಅಪವಾದವು ನಿಯಮವನ್ನು ಸಾಧಿಸುವುದು ಈ ಅರ್ಥದಲ್ಲಿ ಮಾತ್ರ. ಇಲ್ಲಿ ‘ಪ್ರೂವ್’ ಎಂದರೆ ‘ಪರೀಕ್ಷಿಸು’ ಎಂದೇ ಮೂಲಾರ್ಥವೆಂದು ಹಲವರು ತಿದ್ದುವುದುಂಟು. ನ್ಯಾಯಶಾಸ್ತ್ರದ ಈ ಹಿನ್ನೆಲೆಯನ್ನು ನೋಡಿದರೆ ಆ ತಿದ್ದುಪಡಿಯೂ ಸರಿಯಲ್ಲ. ತಪ್ಪನ್ನು ತಿದ್ದಲು ಹೊರಟವರೂ ತಪ್ಪಬಹುದೆಂಬುದು ಗಮನಾರ್ಹವಾದ ಸಂಗತಿ.

ಮೂರನೆಯದು ‘ಬೆಗ್ ದಿ ಕ್ವೆಶ್ಚನ್’. ಇದನ್ನು ಇಂದು ‘ಪ್ರಶ್ನೆಯನ್ನು ಎಬ್ಬಿಸು’ ಎಂಬ ಅರ್ಥದಲ್ಲಿ ಬಳಸುವವರೇ ಹೆಚ್ಚು. ಆದರೆ ಇದು ಅರಿಸ್ಟಾಟಲನು ನಿರೂಪಿಸಿದ ಒಂದು ತರ್ಕದೋಷದ ಹೆಸರು; ಗ್ರೀಕಿನಿಂದ ಲ್ಯಾಟಿನ್ನಿಗೂ ಅಲ್ಲಿಂದ ೧೬ನೆಯ ಶತಮಾನದಲ್ಲಿ ಇಂಗ್ಲಿಷಿಗೂ ಬಂದಿತು. ಸಾಧಿಸಬೇಕಾದುದನ್ನೇ ಸಿದ್ಧವೆಂದು ಹಿಡಿದು ವಾದಿಸುವುದೇ ಈ ದೋಷ. ನಮ್ಮ ನ್ಯಾಯಸೂತ್ರಗಳು ಹೇಳುವ ಐದು ಹೇತ್ವಾಭಾಸಗಳಲ್ಲಿ ‘ಸಾಧ್ಯಸಮ’ ಎಂಬುದು ಇದಕ್ಕೆ ಸಮೀಪವಾದುದು. ಈ ನುಡಿಗಟ್ಟಿನ ಅರ್ಥ ಸಡಿಲವಾದುದರಿಂದ ಆಗಿರುವ ನಷ್ಟ ಅಲ್ಪವಲ್ಲ. ಪ್ರಶ್ನೆಯನ್ನು ಎಬ್ಬಿಸುವುದಕ್ಕೆ ಬೇರೆ ಮಾತುಗಳು ಬೇಕಾದಷ್ಟಿವೆ; ಈ ದೋಷವನ್ನು ಹೆಸರಿಸುವುದಕ್ಕೆ ಸಾಮಾನ್ಯ ಇಂಗ್ಲಿಷಿನಲ್ಲಿ ಬೇರೆ ಸುಲಭವಾದ ಮಾತಿಲ್ಲ.

ನಾಲ್ಕನೆಯದು ‘ಹಾಬ್ಸನ್ಸ್ ಚಾಯ್ಸ್’. ೧೬೩೧ರಲ್ಲಿ ತೀರಿಕೊಂಡ ಥಾಮಸ್ ಹಾಬ್ಸನ್ ಎಂಬವನು ಕೇಂಬ್ರಿಜಿನಲ್ಲಿ ಸರಕು ಸಾಗಿಸುವ ಮತ್ತು ಕುದುರೆಗಳನ್ನು ಬಾಡಿಗೆಗೆ ಕೊಡುವ ಕಸುಬಿನವನು. ಆಗ ಅಲ್ಲಿ ವಿದ್ಯಾರ್ಥಿಯಾಗಿದ್ದ ಮಿಲ್ಟನ್ ಅವನ ಮೇಲೆ ಎರಡು ಚರಮ ಪದ್ಯಗಳನ್ನು ಬರೆದನು. ಒಳ್ಳೆಯ ಕುದುರೆಗಳೇ ದಣಿಯದಂತೆ, ಬಾಗಿಲಿಗೆ ಹತ್ತಿರವಿರುವುದನ್ನೇ ಗಿರಾಕಿಯು ಒಯ್ಯಬೇಕೆಂದು ಅವನು ಕಟ್ಟುಮಾಡಿದ್ದನೆಂದು ೧೭೧೨ರ ‘ಸ್ಪೆಕ್ಟೇಟರ್’ ಪತ್ರಿಕೆಯ ಲೇಖನವೊಂದು ತಿಳಿಸುತ್ತದೆ. ಇದ್ದುದನ್ನು ಒಪ್ಪು, ಇಲ್ಲವೆ ಬರಿಗೈಯಲ್ಲಿ ಹೋಗು ಎಂಬುದೇ ಇದರ ತಾತ್ಪರ್ಯ. ಎರಡು ಕಷ್ಟಗಳ ನಡುವೆ ಒಂದನ್ನು ಆರಿಸುವ ಸಂದಿಗ್ಧಕ್ಕೆ ಈ ಮಾತನ್ನು ಬಳಸುವುದು ಅದನ್ನು ತಿರುಗುಮುರುಗು ಮಾಡಿದಂತೆ.

ಹಾಗಾದರೆ ಭಾಷೆಯನ್ನು ಕಟ್ಟಿನಿಲ್ಲಿಸಬಹುದೆ? ಅದೇ ೧೭೧೨ರಲ್ಲಿ ಸ್ವಿಫ್ಟನು ಇಂಗ್ಲಿಷನ್ನು ತಿದ್ದಿ ಸ್ಥಿರಗೊಳಿಸಲು ಏರ್ಪಾಡು ಬೇಕೆಂದು ಮಂತ್ರಿಯೊಬ್ಬನಿಗೆ ಸಲಹೆ ಮಾಡಿದನು, ಅದು ಕೈಗೂಡಲಿಲ್ಲ. ಜಾನ್ಸನ್ನನು ಅಂಥದೇ ಆಸೆಯಿಂದ ನಿಘಂಟಿನ ಕೆಲಸಕ್ಕೆ ತೊಡಗಿ, ೧೭೫೫ರ ಮುನ್ನುಡಿಯಲ್ಲಿ ಅದು ನಡೆಯದ ಕೆಲಸವೆಂದು ಒಪ್ಪಿಕೊಂಡನು. ‘ಡೆಸಿಮೇಟ್’ ಪದದ ಸಡಿಲ ಅರ್ಥವೂ ೧೭ನೆಯ ಶತಮಾನದಲ್ಲಿಯೇ ಹುಟ್ಟಿದುದು. ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ನಡೆದುಬಂದ ಪ್ರಯೋಗವನ್ನು ಅಜ್ಞಾನವೆಂದು ತಳ್ಳಿಹಾಕುವುದು ಇತಿಹಾಸಕಾರನಿಗೆ ಶೋಭಿಸದು.

ಆದುದರಿಂದ ಎಚ್ಚರದ ಲೇಖಕನಿಗೂ ಇತಿಹಾಸಕಾರನಿಗೂ ಒಂದು ಭೇದವುಂಟು. ಯಾವುದು ಸರಿ ಎಂಬುದು ಮೊದಲನೆಯವನ ಪ್ರಶ್ನೆ. ಯಾವ ಅರ್ಥ ಯಾವಾಗ ನಡೆಯುತ್ತಿತ್ತು ಎಂಬುದು ಎರಡನೆಯವನದು. ಈ ಪ್ರಶ್ನೆ ನಮಗೆ ದೂರದ್ದಲ್ಲ. ೧೭ನೆಯ ಶತಮಾನದಲ್ಲಿ ಕಾರವಾರದಲ್ಲಿ ಇಂಗ್ಲಿಷರ ‘ಫ್ಯಾಕ್ಟರಿ’ ಇದ್ದಿತೆಂದು ಓದಿದ ವಿದ್ಯಾರ್ಥಿಯು ಅದನ್ನು ಕಾರ್ಖಾನೆಯೆಂದು ಕನ್ನಡಿಸಿದರೆ, ಅಲ್ಲಿ ಇಲ್ಲದಿದ್ದ ಯಂತ್ರಗಳನ್ನೂ ಕೂಲಿಗಾರರನ್ನೂ ತಂದು ನಿಲ್ಲಿಸಿದಂತಾಗುತ್ತದೆ. ಅದು ವ್ಯಾಪಾರಿಗಳ ಪ್ರತಿನಿಧಿಗಳು ಇದ್ದುಕೊಂಡು ಸರಕನ್ನು ಕೊಂಡು ಕೂಡಿಡುತ್ತಿದ್ದ ಕೋಠಿ. ಇಂಗ್ಲಿಷ್ ದಾಖಲೆಗಳನ್ನೇ ಬಹಳವಾಗಿ ಆಶ್ರಯಿಸಿರುವ ನಮ್ಮ ಆಧುನಿಕ ಚರಿತ್ರೆಯ ಅಧ್ಯಯನದಲ್ಲಿ ಇಂಥ ಪದಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ.

ವಿದ್ಯಾರ್ಥಿಯ ಬರಹದಲ್ಲಿ ಇಂಥ ತಪ್ಪು ಕಂಡಾಗ ಕೆಂಪು ಗೆರೆಯೊಂದನ್ನು ಎಳೆದು ಸುಮ್ಮನಾಗುವುದು ಸುಲಭ. ಅದರ ಬದಲು, ಆ ಪದವು ದಾಖಲೆಯ ಕಾಲದಲ್ಲಿ ಏನನ್ನು ಸೂಚಿಸುತ್ತಿತ್ತೆಂಬುದನ್ನು ಕಾಲಕ್ರಮವನ್ನು ಕೊಡುವ ನಿಘಂಟಿನಲ್ಲಿ ನೋಡಿಕೊಂಡು ಬರುವಂತೆ ಹೇಳಿದರೆ, ಭಾಷೆಯ ಪಾಠದೊಡನೆ ಆಧಾರಪರೀಕ್ಷೆಯ ಮೊದಲ ಪಾಠವೂ ಆಗುತ್ತದೆ.