ಪೋಯ್‌ಪೆಟ್: ಒಂದು ಗಡಿದ್ವಾರದ ಕಥೆ, ವ್ಯಥೆ

ಬ್ಯಾಂಕಾಕಿನಿಂದ ನಸುಕಿನಲ್ಲಿ ಹೊರಟ ಮೂರನೇ ದರ್ಜೆಯ ರೈಲು ಸುಮಾರು 255 ಕಿಲೋಮೀಟರ್ ಓಡಿ, ಮಧ್ಯಾಹ್ನದ ಹೊತ್ತಿಗೆ ಪೂರ್ವ ಥಾಯ್ಲೆಂಡಿನ ಒಂದು ಸಣ್ಣ ಊರಿನಲ್ಲಿ ನಿಲ್ಲುತ್ತದೆ. ಊರಿನ ಹೆಸರು ಅರಣ್ಯಪ್ರಥೇಟ್. ಕನ್ನಡಿಗರಿಗೆ ಈ ಹೆಸರಿನ ಅರ್ಥ ಹೇಳಬೇಕಾಗಿಲ್ಲ, ಅದು ‘ಅರಣ್ಯಪ್ರದೇಶ’ವೇ. ಅಲ್ಲಿಂದ ಆರು ಕಿಲೋಮೀಟರ್ ದೂರದಲ್ಲಿ ಒಂದು ಕಿರುತೊರೆ, ಅದರ ಮೇಲೊಂದು ಸೇತುವೆ. ಸೇತುವೆಯ ಆಚೆ ಅಂಗ್ಕೋರ್ ಗೋಪುರಗಳ ಮಾದರಿಯಲ್ಲಿ ಕಟ್ಟಿದ ಕಮಾನು. ಕಮಾನಿನ ಆಚೆ ಕಾಂಬೋಡಿಯಾ ದೇಶದ ಪೋಯ್‌ಪೆಟ್ ಪಟ್ಟಣ.

1990ರ ದಶಕದ ಕೊನೆಯಿಂದ ಸುಮಾರು ಹತ್ತು ವರ್ಷ, ಬೆನ್ನಿಗೆ ಚೀಲ ಹೇರಿಕೊಂಡು ಕಡಿಮೆ ಖರ್ಚಿನಲ್ಲಿ ದೇಶ ಸುತ್ತುವ ಯುವಕ ಯುವತಿಯರ ಬಾಯಲ್ಲಿ ಪೋಯ್‌ಪೆಟ್ ಎಂಬುದು ಒಂದು ಬೈಗುಳವೇ ಆಗಿತ್ತು. ತಾಪತ್ರಯ ಸೇತುವೆಗೂ ಮೊದಲೇ ಶುರು. ನಿಲ್ದಾಣದಿಂದ ಹೊರಟ ಆಟೋ ಗಡಿಗೆ ಹೋಗುವ ಬದಲು, ಗೋಡೆಯ ಮೇಲೆ ಕಾಂಬೋಡಿಯಾದ ಬಾವುಟ ಬರೆಸಿಕೊಂಡ ಯಾವುದೋ ‘ಕಚೇರಿ’ಯ ಮುಂದೆ ನಿಲ್ಲುತ್ತಿತ್ತು. ವೀಸಾ ಇಲ್ಲಿಯೇ ಮಾಡಿಸಬೇಕು, ಗಡಿಯಲ್ಲಿ ಸಿಗುವುದಿಲ್ಲ ಎಂದು ಒಳಗಿದ್ದವರು ನಂಬಿಸುತ್ತಿದ್ದರು. ಅದು ಸರ್ಕಾರಿ ಕಚೇರಿಯಲ್ಲ, ದಲ್ಲಾಳಿಗಳ ಅಂಗಡಿ. ಅದನ್ನು ದಾಟಿ ಬಂದವರು ಗಡಿಯಲ್ಲಿ ಸುಡುಬಿಸಿಲಿನ ಸಾಲಿಗೆ ಸೇರಬೇಕಿತ್ತು. 2014ರವರೆಗೆ ಪ್ರವಾಸಿ ವೀಸಾದ ಅಧಿಕೃತ ಶುಲ್ಕ 20 ಡಾಲರ್. ಆದರೆ ಡಾಲರ್ ಬೇಡ, ಥಾಯ್ ಬಾತ್ ಕೊಡಿ ಎಂದು ಕೇಳಿ, ಅಧಿಕೃತ ದರಕ್ಕಿಂತ ಹೆಚ್ಚು ವಸೂಲು ಮಾಡುತ್ತಾರೆ ಎಂಬುದು ಅಲ್ಲಿ ದಾಟಿದವರ ಸಾಮಾನ್ಯ ದೂರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಆ ಕಿಟಕಿಗೆ ಚೆನ್ನಾಗಿ ಒಪ್ಪುತ್ತಿತ್ತು.

ಠಸ್ಸೆ ಬಿದ್ದ ಮೇಲಾದರೂ ನೆಮ್ಮದಿ ಇತ್ತೇ? ಅದೂ ಇಲ್ಲ. ಅಂಗ್ಕೋರ್ ವಾಟ್ ದೇವಾಲಯ ಇರುವ ಸೀಮ್ ರೀಪ್ ಅಲ್ಲಿಂದ ಸುಮಾರು 150 ಕಿಲೋಮೀಟರ್. ಗುಂಡಿ ಬಿದ್ದ ಕೆಂಪು ಮಣ್ಣಿನ ರಸ್ತೆ, ಹಲಗೆ ಜೋಡಿಸಿದ ಸೇತುವೆಗಳು. ಮಳೆಗಾಲದಲ್ಲಿ ಅಷ್ಟು ದೂರಕ್ಕೆ ಇಡೀ ದಿನ ಹಿಡಿಯುತ್ತಿತ್ತು. ಒಂದು ವಿಮಾನ ಸಂಸ್ಥೆಯೇ ದುಡ್ಡು ಕೊಟ್ಟು ರಸ್ತೆ ರಿಪೇರಿ ತಡೆದಿದೆ ಎಂಬ ವದಂತಿಯೂ ಪ್ರಯಾಣಿಕರ ನಡುವೆ ಹರಡಿತ್ತು. ಅದನ್ನು ಯಾರೂ ಸಾಬೀತು ಮಾಡಲಿಲ್ಲ.

ರಸ್ತೆ ಹಾಗಿದ್ದುದಕ್ಕೆ ವದಂತಿಯ ಅಗತ್ಯವೂ ಇರಲಿಲ್ಲ. ದಲ್ಲಾಳಿ, ಮಾಮೂಲು, ಸಾಲು, ಗುಂಡಿ ಬಿದ್ದ ದಾರಿ ಈ ಒಂದೊಂದರ ಹಿಂದೆಯೂ ಇತಿಹಾಸವಿದೆ. ಅದನ್ನು ಅರಿತರೆ ಪ್ರವಾಸಿಯ ಅರ್ಧ ದಿನದ ಸಿಟ್ಟು ತೀರ ಸಣ್ಣದಾಗಿ ಕಾಣುತ್ತದೆ.

ಗೆರೆ ಎಳೆದವರು

ಈ ತೊರೆ ಮೊದಲಿನಿಂದಲೂ ಗಡಿಯಾಗಿರಲಿಲ್ಲ. ಅರಣ್ಯಪ್ರಥೇಟ್‌ನ ಈಶಾನ್ಯಕ್ಕೆ, ಇಂದಿನ ಥಾಯ್ಲೆಂಡಿನ ನೆಲದಲ್ಲಿಯೇ ಸ್ಡೋಕ್ ಕಾಕ್ ಥೋಮ್ ಎಂಬ ಹಳೆಯ ದೇವಾಲಯವಿದೆ. ಅಲ್ಲಿ ಸಿಕ್ಕ ಹನ್ನೊಂದನೇ ಶತಮಾನದ ಶಾಸನ ಸಂಸ್ಕೃತ ಮತ್ತು ಹಳೆಯ ಖ್ಮೇರ್ ಭಾಷೆಗಳಲ್ಲಿದೆ. ಅಂಗ್ಕೋರ್ ಸಾಮ್ರಾಜ್ಯದ ಮೂಲಪುರುಷನೆಂದು ಹೆಸರಾದ ಎರಡನೇ ಜಯವರ್ಮನ ಕಾಲದಿಂದ ಹಿಡಿದು ಎರಡೂವರೆ ಶತಮಾನ ರಾಜರ ಸೇವೆ ಮಾಡಿದ ಒಂದು ಪುರೋಹಿತ ವಂಶದ ಕಥೆಯನ್ನು ಅದು ಹೇಳುತ್ತದೆ. ಖ್ಮೇರ್ ಇತಿಹಾಸಕ್ಕೆ ಅತಿ ಮುಖ್ಯವಾದ ಶಾಸನವೊಂದು ಸಿಕ್ಕ ಜಾಗ ಇಂದು ಕಾಂಬೋಡಿಯಾದಲ್ಲಿ ಇಲ್ಲ ಎನ್ನುವುದೇ ಈ ಗಡಿಯ ಸ್ವಭಾವವನ್ನು ತಿಳಿಸುತ್ತದೆ.

ಅಂಗ್ಕೋರ್ ಕುಂದಿದ ಮೇಲೆ ಸಯಾಂ, ಅಂದರೆ ಇಂದಿನ ಥಾಯ್ಲೆಂಡ್, ಬಲವಾಯಿತು. ಹದಿನೆಂಟನೇ ಶತಮಾನದ ಕೊನೆಗೆ ಬಟ್ಟಂಬಾಂಗ್, ಸೀಮ್ ರೀಪ್ ಪ್ರಾಂತಗಳು ಬ್ಯಾಂಕಾಕಿನ ಕೈಸೇರಿದವು. ವಿಚಿತ್ರವೆಂದರೆ ‘ಸೀಮ್ ರೀಪ್’ ಎಂಬ ಹೆಸರಿಗೆ ಜನ ಹೇಳುವ ಅರ್ಥ ‘ಸಯಾಂ ಸೋತ ಸ್ಥಳ’! 1863ರಲ್ಲಿ ಕಾಂಬೋಡಿಯಾ ಫ್ರೆಂಚರ ರಕ್ಷಣೆಗೆ ಒಳಪಟ್ಟಿತಾದರೂ, 1867ರ ಒಪ್ಪಂದದಲ್ಲಿ ಈ ಪ್ರಾಂತಗಳು ಸಯಾಮಿನವೇ ಎಂದು ಫ್ರೆಂಚರು ಒಪ್ಪಿಕೊಂಡರು. ಹೀಗಾಗಿ ಅಂಗ್ಕೋರ್ ವಾಟ್ ಕೂಡ ಆಗ ಸಯಾಮಿನೊಳಗೇ ಇತ್ತು. ಅದರ ಕಲ್ಲಿನ ಪುಟ್ಟ ಮಾದರಿಯೊಂದನ್ನು ಬ್ಯಾಂಕಾಕ್ ಅರಮನೆಯ ದೇವಾಲಯದಲ್ಲಿ ಇಂದಿಗೂ ಕಾಣಬಹುದು.

ಗೆರೆ ಬದಲಾದದ್ದು 1907ರ ಮಾರ್ಚ್ 23ರಂದು. ಆ ದಿನದ ಒಪ್ಪಂದದ ಪ್ರಕಾರ ದೊರೆ ಚುಲಾಲಾಂಗ್‌ಕಾರ್ನ್ ಅವರ ಸಯಾಂ, ಬಟ್ಟಂಬಾಂಗ್, ಸೀಮ್ ರೀಪ್, ಸಿಸೋಫೋನ್ ಪ್ರಾಂತಗಳನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟಿತು. ಬದಲಿಗೆ ತ್ರಾಟ್ ಮುಂತಾದ ಪ್ರದೇಶಗಳನ್ನು ಮರಳಿ ಪಡೆಯಿತು. ಪೋಯ್‌ಪೆಟ್ ಬಳಿಯ ತೊರೆ ಎರಡು ಆಳ್ವಿಕೆಗಳ ನಡುವಣ ಗಡಿಯಾದದ್ದು ಹೀಗೆ. ಎರಡೂ ದಡದಲ್ಲಿ ಖ್ಮೇರ್ ಮಾತನಾಡುವವರಿದ್ದರು. ಅವರನ್ನು ಯಾರೂ ಕೇಳಲಿಲ್ಲ.

ಗೆರೆ ಅಲ್ಲಿಗೂ ನಿಲ್ಲಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಜಪಾನಿನ ಮಧ್ಯಸ್ಥಿಕೆಯಿಂದ ಥಾಯ್ಲೆಂಡ್ ಈ ಪ್ರಾಂತಗಳ ಬಹುಭಾಗವನ್ನು ಮರಳಿ ಪಡೆಯಿತು. ಸೀಮ್ ರೀಪ್ ಕಡೆಯ ಪ್ರದೇಶಕ್ಕೆ ಅಂದಿನ ಪ್ರಧಾನಿ ಫಿಬುನ್ ಸಾಂಗ್‌ಖ್ರಾಮ್ ಅವರ ಹೆಸರನ್ನೇ ಇಡಲಾಯಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಎಲ್ಲವನ್ನೂ ಹಿಂದಿರುಗಿಸಬೇಕಾಯಿತು. ನಲವತ್ತು ವರ್ಷಗಳಲ್ಲಿ ಮೂರು ಬಾರಿ ಒಡೆಯರು ಬದಲಾದ ನೆಲದಲ್ಲಿ ಗಡಿ ಎಂದರೆ ಬರೀ ಬೇಲಿಯಲ್ಲ. ಅದೊಂದು ಆರದ ಗಾಯ.

ತುಕ್ಕು ಹಿಡಿದ ಹಳಿ

ಬ್ಯಾಂಕಾಕಿನ ರೈಲು ಅರಣ್ಯಪ್ರಥೇಟ್‌ವರೆಗೆ ಬಂದದ್ದು 1926ರಲ್ಲಿ. ಫ್ನೋಮ್ ಪೆನ್ ಕಡೆಯಿಂದ ಫ್ರೆಂಚರು ಹಾಕಿದ ಹಳಿ 1940ರ ದಶಕದ ಆರಂಭಕ್ಕೆ ಪೋಯ್‌ಪೆಟ್ ಮುಟ್ಟಿತು. ಆ ಹಳಿಯ ಮೇಲೆ ರೈಲುಗಳು ಗಡಿಯನ್ನೂ ದಾಟಿದವು. ಆದರೆ ಪ್ರೇಹ್ ವಿಹೇರ್ ಎಂಬ ಬೆಟ್ಟದ ದೇವಾಲಯ ಯಾರದೆಂಬ ಜಗಳ ಬಲಿತು, 1961ರಲ್ಲಿ ಎರಡೂ ದೇಶಗಳ ರಾಜತಾಂತ್ರಿಕ ಸಂಬಂಧ ಮುರಿದುಬಿತ್ತು. ರೈಲೂ ನಿಂತಿತು. ಮರುವರ್ಷ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ದೇವಾಲಯ ಕಾಂಬೋಡಿಯಾದ್ದೆಂದು ತೀರ್ಪು ಕೊಟ್ಟಿತು. ತೀರ್ಪು ಬಂತು, ಆದರೆ ರೈಲು ಸಂಪರ್ಕ ಬಾಳಲಿಲ್ಲ. ಪ್ರವಾಸಿ ಅರಣ್ಯಪ್ರಥೇಟ್‌ನಲ್ಲಿ ಇಳಿದು ಆಟೋದವನ ಕೈಗೆ ಸಿಗುತ್ತಿದ್ದುದು ಈ ಕಾರಣಕ್ಕೆ.

ಸೇತುವೆ ದಾಟಿದವರ ಲೆಕ್ಕ

1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಪಡೆ ಫ್ನೋಮ್ ಪೆನ್ ಹಿಡಿಯಿತು. 1979ರ ಜನವರಿಯಲ್ಲಿ ವಿಯೆಟ್ನಾಂ ಸೇನೆ ಅದನ್ನು ಓಡಿಸುವವರೆಗಿನ ಮೂರು ವರ್ಷ ಎಂಟು ತಿಂಗಳಲ್ಲಿ ಹಸಿವು, ರೋಗ, ಜೀತ, ಕೊಲೆಗಳಿಗೆ ಬಲಿಯಾದವರು 15ರಿಂದ 20 ಲಕ್ಷ ಎಂದು ಅಂದಾಜು. ಬದುಕಿ ಉಳಿದವರು ಪಶ್ಚಿಮಕ್ಕೆ, ಈ ಗಡಿಯತ್ತ ನಡೆದರು.

ಗಡಿ ಅವರನ್ನು ಹೇಗೆ ಬರಮಾಡಿಕೊಂಡಿತು? 1979ರ ಜೂನ್‌ನಲ್ಲಿ ಥಾಯ್ ಸೇನೆ 40,000ಕ್ಕೂ ಹೆಚ್ಚು ನಿರಾಶ್ರಿತರನ್ನು ಬಸ್ಸುಗಳಲ್ಲಿ ತುಂಬಿ, ಪ್ರೇಹ್ ವಿಹೇರ್ ಬೆಟ್ಟಕ್ಕೆ ಒಯ್ದು, ಕಡಿದಾದ ಇಳಿಜಾರಿನಲ್ಲಿ ಕಾಂಬೋಡಿಯಾದೊಳಕ್ಕೆ ತಳ್ಳಿತು. ಕೆಳಗೆ ನೆಲಬಾಂಬುಗಳಿದ್ದವು. ಎಷ್ಟೋ ಜನ ಅಲ್ಲಿಯೇ ಸತ್ತರು. ಜಗತ್ತು ಛೀಮಾರಿ ಹಾಕಿದ ಮೇಲೆ, ಅದೇ ವರ್ಷ ಅಕ್ಟೋಬರಿನಲ್ಲಿ ಥಾಯ್ಲೆಂಡ್ ತನ್ನ ಬಾಗಿಲು ತೆರೆಯಿತು. ನವೆಂಬರಿನಲ್ಲಿ ಅರಣ್ಯಪ್ರಥೇಟ್‌ನ ಉತ್ತರಕ್ಕೆ ಆರಂಭವಾದ ಖಾವೊ-ಇ-ಡಾಂಗ್ ಶಿಬಿರದಲ್ಲಿ ಕೆಲವೇ ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಬಿದಿರು, ಹುಲ್ಲಿನ ಆ ಗುಡಿಸಲುಗಳ ಸಾಲು ರಾತ್ರೋರಾತ್ರಿ ಒಂದು ನಗರವೇ ಆಯಿತು.

ಮುಂದಿನ ಹತ್ತು ವರ್ಷ ಈ ಗಡಿ ಶೀತಲ ಸಮರದ ರಣರಂಗ. ವಿಯೆಟ್ನಾಂ ಬೆಂಬಲದ ಫ್ನೋಮ್ ಪೆನ್ ಸರ್ಕಾರವನ್ನು ಹೆಚ್ಚಿನ ದೇಶಗಳು ಒಪ್ಪಲಿಲ್ಲ. ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಸ್ಥಾನ ಖ್ಮೇರ್ ರೂಜ್ ಕಡೆಯವರ ಬಳಿಯೇ ಉಳಿಯಿತು. 1980ರಲ್ಲಿ ಆ ಸರ್ಕಾರಕ್ಕೆ ಮಾನ್ಯತೆ ಕೊಟ್ಟ ಕೆಲವೇ ದೇಶಗಳಲ್ಲಿ ಭಾರತವೂ ಒಂದು. ಅದೇ ಬಾಂಧವ್ಯದಿಂದ 1986ರಿಂದ 1993ರವರೆಗೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ಅಂಗ್ಕೋರ್ ವಾಟ್ ದೇವಾಲಯದ ಜೀರ್ಣೋದ್ಧಾರ ಕೈಗೊಂಡಿತು. ಆದರೆ ವಿಶ್ವಸಂಸ್ಥೆಯ ಅಭಿವೃದ್ಧಿ ನೆರವು ದೇಶದೊಳಕ್ಕೆ ಬರಲಿಲ್ಲ. ಗುಂಡಿ ಬಿದ್ದ ರಸ್ತೆಗೆ ಮೊದಲ ಕಾರಣ ಇದು. ಎರಡನೆಯದು ಯುದ್ಧ. ಗೆರಿಲ್ಲಾಗಳನ್ನು ತಡೆಯಲೆಂದು 1980ರ ದಶಕದ ಮಧ್ಯದಲ್ಲಿ ಫ್ನೋಮ್ ಪೆನ್ ಸರ್ಕಾರ ಸಾವಿರಾರು ರೈತರನ್ನು ಬಲವಂತದಿಂದ ದುಡಿಸಿ, ಗಡಿಯುದ್ದಕ್ಕೂ ಕಾಡು ಕಡಿಸಿ, ನೆಲಬಾಂಬುಗಳ ಪಟ್ಟಿಯನ್ನೇ ಹಾಸಿತು. ಗೆರಿಲ್ಲಾಗಳೂ ತಮ್ಮ ಪಾಲಿನ ಬಾಂಬು ಹುಗಿದರು. 1979ರಿಂದೀಚೆಗೆ ನೆಲಬಾಂಬು ಮತ್ತು ಸಿಡಿಯದೆ ಉಳಿದ ಮದ್ದುಗುಂಡುಗಳಿಗೆ ಸಿಕ್ಕ ಕಾಂಬೋಡಿಯನ್ನರು 64,000ಕ್ಕೂ ಹೆಚ್ಚು. ಅವರಲ್ಲಿ ಸುಮಾರು 20,000 ಜನ ಪ್ರಾಣ ಕಳೆದುಕೊಂಡರು. ಪೋಯ್‌ಪೆಟ್‌ನ ವೃತ್ತದಲ್ಲಿ ಪ್ರವಾಸಿಯ ಮುಂದೆ ಟೋಪಿ ಚಾಚುತ್ತಿದ್ದ ಕಾಲಿಲ್ಲದ ಗಂಡಸರು ಎಲ್ಲಿಂದ ಬಂದರು ಎಂಬುದಕ್ಕೆ ಇದೇ ಉತ್ತರ.

1991ರ ಅಕ್ಟೋಬರಿನಲ್ಲಿ ಪ್ಯಾರಿಸ್ ಶಾಂತಿ ಒಪ್ಪಂದವಾಯಿತು. 1992ರ ಮಾರ್ಚ್ 30ರಂದು ನಿರಾಶ್ರಿತರ ಮೊದಲ ತಂಡ ಬಸ್ಸುಗಳಲ್ಲಿ ಪೋಯ್‌ಪೆಟ್ ಮೂಲಕ ತಾಯ್ನಾಡಿಗೆ ಮರಳಿತು. ಮುಂದಿನ ಒಂದು ವರ್ಷದಲ್ಲಿ 3,60,000ಕ್ಕೂ ಹೆಚ್ಚು ಜನ ಶಿಬಿರಗಳಿಂದ ಹಿಂದಿರುಗಿದರು. ಊರಿನಲ್ಲಿ ಹೊಲ ಇಲ್ಲದವರು, ಇದ್ದರೂ ಬಾಂಬಿನ ಭಯಕ್ಕೆ ಉಳಲಾಗದವರು ಕೂಲಿ ಹುಡುಕಿ ಗಡಿಗೇ ವಾಪಸು ಬಂದರು. ಪೋಯ್‌ಪೆಟ್ ಹೀಗೆ ಬೆಳೆಯಿತು.

ಬಾಗಿಲೇ ಹೊಲ

ನೆಲವಿಲ್ಲದವರಿಗೆ ಬಾಗಿಲೇ ಹೊಲವಾಯಿತು. ಥಾಯ್ ಕಡೆಯ ರಾಂಗ್ ಕ್ಲುವ ಮಾರುಕಟ್ಟೆಗೆ ಬೆಳಗಾದರೆ ಸಾವಿರಾರು ಜನ ಕಾಂಬೋಡಿಯದಿಂದ ದಾಟುತ್ತಿದ್ದರು. ಆಳೆತ್ತರ ಹೇರಿದ ತಳ್ಳುಗಾಡಿಗಳನ್ನು ಗಂಡಸರು, ಹೆಂಗಸರು ಸೇರಿ ಎಳೆಯುತ್ತಿದ್ದರು. ಸಾಲಿನಲ್ಲಿ ನಿಂತ ಬಿಳಿಯರ ತಲೆಯ ಮೇಲೆ ಕೊಡೆ ಹಿಡಿದು ನಾಲ್ಕು ಕಾಸು ಕೇಳುವುದು ಮಕ್ಕಳ ದುಡಿಮೆ. ಕಿಟಕಿಯ ಹಿಂದಿನ ಅಧಿಕಾರಿಯದೂ ಬೇರೆ ಕಥೆಯೇನಲ್ಲ. 1990ರ ದಶಕದಲ್ಲಿ ಕಾಂಬೋಡಿಯಾದ ಸರ್ಕಾರಿ ನೌಕರನ ಸಂಬಳ ತಿಂಗಳಿಗೆ 20–30 ಡಾಲರ್. ಅಂದರೆ ಒಬ್ಬ ಪ್ರವಾಸಿಯ ವೀಸಾ ಶುಲ್ಕದಷ್ಟು! ಮಾಮೂಲನ್ನು ಇದು ಸಮರ್ಥಿಸುವುದಿಲ್ಲ. ಆದರೆ ಅದು ಎಲ್ಲಿ ಹುಟ್ಟಿತು ಎಂಬುದನ್ನು ತೋರಿಸುತ್ತದೆ.

ಇವರ ನಡುವೆಯೇ ಜೂಜಿನ ಅರಮನೆಗಳು ಎದ್ದವು. ಥಾಯ್ಲೆಂಡಿನಲ್ಲಿ ಕ್ಯಾಸಿನೊ ನಿಷಿದ್ಧ. 1996ರ ಕಾನೂನಿನಂತೆ ಕಾಂಬೋಡಿಯನ್ನರು ಜೂಜಾಡುವಂತಿಲ್ಲ, ವಿದೇಶಿಯರು ಆಡಬಹುದು. ಹಾಗಾಗಿ ಎರಡು ದೇಶಗಳ ಠಾಣೆಗಳ ನಡುವಣ ಪಟ್ಟಿಯಲ್ಲಿ, ಕಾಂಬೋಡಿಯಾದ ನೆಲದಲ್ಲಿ, ಕ್ಯಾಸಿನೊಗಳು ಸಾಲಾಗಿ ನಿಂತವು. ಬ್ಯಾಂಕಾಕಿನ ಶ್ರೀಮಂತ ಸೇತುವೆ ದಾಟಿ, ಕಾಂಬೋಡಿಯಾದ ಠಸ್ಸೆಯ ಗೊಡವೆಯಿಲ್ಲದೆ, ಜೂಜಾಡಿ ಹಿಂದಿರುಗಬಹುದಿತ್ತು. ಒಂದೇ ಬಾಗಿಲು ಒಬ್ಬನಿಗೆ ಹೆಬ್ಬಾಗಿಲು, ಇನ್ನೊಬ್ಬನಿಗೆ ಕಿಂಡಿ.

ತೆರೆದೂ ಮುಚ್ಚಿದ ಬಾಗಿಲು

ಕಾಲ ಸುಧಾರಿಸಲಿಲ್ಲ ಎನ್ನುವಂತಿಲ್ಲ. 2006ರಲ್ಲಿ ಕಾಂಬೋಡಿಯಾ ಇಂಟರ್‌ನೆಟ್ ಮೂಲಕ ವೀಸಾ ಕೊಡಲಾರಂಭಿಸಿತು. ದಲ್ಲಾಳಿಯ ಕಸುಬಿಗೆ ಪೆಟ್ಟು ಬಿತ್ತು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಸೀಮ್ ರೀಪ್ ರಸ್ತೆಗೆ 2009ರ ಹೊತ್ತಿಗೆ ಡಾಂಬರು ಬಿತ್ತು. ಇಡೀ ದಿನದ ದಾರಿ ಸುಮಾರು ಮೂರು ಗಂಟೆಗೆ ಇಳಿಯಿತು. 2019ರ ಏಪ್ರಿಲ್ 22ರಂದು ಥಾಯ್ ಪ್ರಧಾನಿ ಪ್ರಯುತ್ ಚಾನ್-ಓಚಾ ಮತ್ತು ಕಾಂಬೋಡಿಯಾ ಪ್ರಧಾನಿ ಹುನ್ ಸೇನ್ ಒಂದೇ ರೈಲಿನಲ್ಲಿ ಕುಳಿತು ಗಡಿ ದಾಟಿದರು. ಕಡಿದುಹೋಗಿದ್ದ ಹಳಿ ದಶಕಗಳ ಮೇಲೆ ಮತ್ತೆ ಕೂಡಿಕೊಂಡಿತು.

ಆದರೆ ಹಳೆಯ ಗಾಯ ಆಗಾಗ ಬಿಚ್ಚಿಕೊಂಡಿದೆ. ಅಂಗ್ಕೋರ್ ಥಾಯ್ಲೆಂಡಿನದೆಂದು ಅಲ್ಲಿನ ನಟಿಯೊಬ್ಬರು ಹೇಳಿದರೆಂಬ ಸುಳ್ಳು ಸುದ್ದಿ 2003ರ ಜನವರಿಯಲ್ಲಿ ಹಬ್ಬಿದಾಗ ಫ್ನೋಮ್ ಪೆನ್‌ನ ಥಾಯ್ ರಾಯಭಾರ ಕಚೇರಿಗೆ ಬೆಂಕಿ ಬಿತ್ತು. ಗಡಿ ಕೆಲವು ವಾರ ಮುಚ್ಚಿತು. 2014ರಲ್ಲಿ ಬ್ಯಾಂಕಾಕಿನಲ್ಲಿ ಸೇನೆ ಅಧಿಕಾರ ಹಿಡಿದಾಗ, ಪರವಾನಗಿ ಇಲ್ಲದ ಕೂಲಿಕಾರರನ್ನು ಹಿಡಿಯುತ್ತಾರೆಂಬ ಭಯಕ್ಕೆ 2 ಲಕ್ಷಕ್ಕೂ ಹೆಚ್ಚು ಕಾಂಬೋಡಿಯನ್ನರು ಕೆಲವೇ ದಿನಗಳಲ್ಲಿ ಹೆಚ್ಚಾಗಿ ಇದೇ ಸೇತುವೆಯ ಮೇಲೆ ಮರಳಿದರು. 2025ರ ಜೂನ್‌ನಲ್ಲಿ ಗಡಿ ವಿವಾದ ಕಾವೇರಿ ಥಾಯ್ಲೆಂಡ್ ಈ ದ್ವಾರವನ್ನು ಪ್ರವಾಸಿಗರಿಗೂ ಸರಕಿಗೂ ಮುಚ್ಚಿತು. ಜುಲೈನಲ್ಲಿ ಐದು ದಿನ ಎರಡೂ ಸೇನೆಗಳು ಕಾದಾಡಿದವು, ಡಿಸೆಂಬರಿನಲ್ಲಿ ಮತ್ತೆ. ಜಗಳದ ಬೇರು ಅದೇ: 1907ರ ಆಸುಪಾಸಿನಲ್ಲಿ ಫ್ರೆಂಚರು ಬರೆದ ನಕ್ಷೆಗಳು. ಸುಮಾರು 800 ಕಿಲೋಮೀಟರ್ ಉದ್ದದ ಗಡಿಯನ್ನು ಜಂಟಿಯಾಗಿ ಅಳೆದು ಗುರುತಿಸಲು ಎರಡೂ ದೇಶಗಳು 2000ದಲ್ಲಿ ಒಪ್ಪಿದ್ದವು. ಇಪ್ಪತ್ತೈದು ವರ್ಷ ಕಳೆದರೂ ಆ ಕೆಲಸ ಮುಗಿದಿರಲಿಲ್ಲ.

ಬೆನ್ನಚೀಲದ ಪ್ರವಾಸಿಗೆ ಪೋಯ್‌ಪೆಟ್ ಎಂದರೆ ಅರ್ಧ ದಿನದ ಬಿಸಿಲು, ಕೆಲವು ನೂರು ಬಾತ್ ನಷ್ಟ, ಊರಿಗೆ ಹೋಗಿ ಹೇಳಲೊಂದು ಕಥೆ. ಅವನ ಜೇಬಿನಲ್ಲಿ ಪಾಸ್‌ಪೋರ್ಟ್ ಇರುತ್ತದೆ. ತಡವಾದರೂ ಠಸ್ಸೆ ಬಿದ್ದೇ ಬೀಳುತ್ತದೆ. ಬಾಗಿಲು ಮುಚ್ಚಿದರೆ ಅವನು ವಿಮಾನ ಹತ್ತಿಯಾನು. ಅವನ ಪಕ್ಕದಲ್ಲೇ ಗಾಡಿ ಎಳೆಯುತ್ತಿದ್ದ ಹೆಂಗಸಿಗೆ ಅಂಥ ಬೇರೆ ದಾರಿ ಇಲ್ಲ. ಸೇತುವೆ ತೆರೆದ ದಿನ ಅವಳ ಮನೆಯಲ್ಲಿ ಒಲೆ ಉರಿಯುತ್ತದೆ. ಮುಚ್ಚಿದ ದಿನ ಇಲ್ಲ.